ಗೇಣೆತ್ತರದ ನಾಯಿ, ಗಾವುದದಷ್ಟು ಹುರುಪು

ಹಳೆಯ ಎಚ್.ಎಂ.ವಿ. ಗಾನತಟ್ಟೆಗಳ ನಡುವಿನ ಕಾಗದದಲ್ಲಿ, ಆಮೇಲೆ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ, ಒಂದು ನಾಯಿ ಕುಳಿತಿರುತ್ತಿತ್ತು. ಬಿಳಿ ಮೈ, ಕಪ್ಪು ಕಿವಿ, ಗ್ರಾಮಫೋನಿನ ಕಹಳೆಯತ್ತ ಓರೆ ಮಾಡಿದ ತಲೆ. ಸಿನಿಮಾ ಹಾಡಿರಲಿ, ಭಾವಗೀತೆಯಿರಲಿ, ಆ ನಾಯಿ ಮಾತ್ರ ಕದಲದೆ ಕೇಳುತ್ತಲೇ ಇತ್ತು. ತಟ್ಟೆ ತಿರುಗತೊಡಗಿದರೆ ನಾಯಿಯೂ ಗಿರ್ರನೆ ತಿರುಗುತ್ತದೆಂದು ನೋಡಲು ಕಾದು ನಿಂತ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿದ್ದಾರೆ.

ಅದೊಂದು ನಿಜವಾದ ನಾಯಿ. ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿತು. ಮನೆಗೆ ಬಂದವರ ಹಿಂಗಾಲಿಗೆ ಬಾಯಿ ಹಾಕುವ ಚಾಳಿಯಿದ್ದುದರಿಂದ ಆ ಹೆಸರು ಬಂತಂತೆ. ಮೊದಲ ಯಜಮಾನ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬರಾಡ್, ಅದನ್ನು ಸಾಕಿಕೊಂಡ. 1895ರಲ್ಲಿ ನಿಪ್ಪರ್ ಸತ್ತಿತು. ಅದು ಸತ್ತ ಮೂರು ವರ್ಷದ ಮೇಲೆ, ಧ್ವನಿ ಹೊರಡಿಸುವ ಯಂತ್ರದ ಮುಂದೆ ಅದು ಕಿವಿಗೊಟ್ಟು ಕುಳಿತ ಭಂಗಿಯನ್ನು ಬರಾಡ್ ನೆನಪಿನಿಂದ ಚಿತ್ರಿಸಿದ. 1899ರಲ್ಲಿ ಗ್ರಾಮಫೋನ್ ಕಂಪೆನಿ ಚಿತ್ರಕ್ಕೆ 50 ಪೌಂಡು, ಅದರ ಹಕ್ಕಿಗೆ 50 ಪೌಂಡು ಕೊಟ್ಟು ಕೊಂಡುಕೊಂಡಿತು. ಷರತ್ತು ಒಂದೇ: ಮೊದಲು ಬರೆದಿದ್ದ ಎಡಿಸನ್ ಮಾದರಿಯ ಯಂತ್ರವನ್ನು ಅಳಿಸಿ ತಮ್ಮ ಗ್ರಾಮಫೋನನ್ನು ಬರೆಯಬೇಕು. ಹೀಗೆ ಸತ್ತ ನಾಯಿಯೊಂದು ಜಗತ್ತಿನ ಮೂಲೆ ಮೂಲೆಯ ಮನೆ ಹೊಕ್ಕಿತು.

ನಿಪ್ಪರ್ ಯಾವ ಜಾತಿ ಎಂಬ ಬಗ್ಗೆ ಚರ್ಚೆಯುಂಟು. ಫಾಕ್ಸ್ ಟೆರಿಯರ್ ಎನ್ನುವವರಿದ್ದಾರೆ, ಬೆರಕೆ ಎನ್ನುವವರೂ ಇದ್ದಾರೆ. ಆದರೆ ಹೆಚ್ಚಿನವರು ಅದನ್ನು ಸೇರಿಸುವುದು ಜಾಕ್ ರಸೆಲ್ ಟೆರಿಯರ್ ಎಂಬ ಪುಟ್ಟ ನಾಯಿಗಳ ಬಳಗಕ್ಕೆ. ಈ ಬಳಗದ ಮರಿಗಳು ಇಂದು ಬೆಂಗಳೂರು, ಮೈಸೂರಿನ ಫ್ಲಾಟುಗಳಲ್ಲೂ ಕಾಣಸಿಗುತ್ತವೆ. ಟಿ.ವಿ.ಯಲ್ಲೋ ಫೋನಿನಲ್ಲೋ ಒಮ್ಮೆ ಅದರ ಚಮತ್ಕಾರ ನೋಡಿದ ಮಗು 'ಅಮ್ಮಾ, ಇಂಥದ್ದೇ ತರೋಣ' ಎಂದು ಸೆರಗು ಹಿಡಿಯುವುದು, 'ನಿನ್ನ ಬ್ಯಾಗನ್ನೇ ನೀನು ಎತ್ತಿಡಲ್ಲ, ಇನ್ನು ನಾಯಿ ಬೇರೆ' ಎಂದು ತಾಯಿ ಸೆರಗು ಬಿಡಿಸಿಕೊಳ್ಳುವುದು ಅನೇಕ ಮನೆಗಳಲ್ಲಿ ನಡೆಯುವ ಮಾತು. ಇಬ್ಬರೂ ತೀರ್ಮಾನಕ್ಕೆ ಬರುವ ಮುನ್ನ ಈ ನಾಯಿ ಎಲ್ಲಿಂದ ಬಂತು, ಯಾವ ಕೆಲಸಕ್ಕೆಂದು ಬಂತು ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದು. ಏಕೆಂದರೆ ಕೆಲಸ ಹೋದರೂ ಆ ಕೆಲಸದ ಗುಣ ಮಾತ್ರ ನಾಯಿಯ ರಕ್ತದಿಂದ ಹೋಗಿಲ್ಲ.

ಟೆರಿಯರ್ ಎಂಬ ಮಾತಿನ ಬೇರು ಲ್ಯಾಟಿನ್ನಿನ 'ಟೆರ್ರಾ'; ಅಂದರೆ ಮಣ್ಣು, ನೆಲ. ನೆಲದೊಳಗೆ ನುಗ್ಗುವ ನಾಯಿ ಟೆರಿಯರ್. ಜಾನ್ ಕೇಯಸ್ ಎಂಬ ಇಂಗ್ಲಿಷ್ ವೈದ್ಯ 1570ರಲ್ಲಿ ಬ್ರಿಟನ್ನಿನ ನಾಯಿಗಳ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕದಲ್ಲೇ ನರಿಯ ಬಿಲಕ್ಕಿಳಿಯುವ ಇಂಥ ನಾಯಿಗಳ ಪ್ರಸ್ತಾಪವಿದೆ. ಮುಧೋಳದ ನಾಯಿಯನ್ನು ನೋಡಿದವರಿಗೆ ವ್ಯತ್ಯಾಸ ಸುಲಭವಾಗಿ ತಿಳಿದೀತು. ಮುಧೋಳದ್ದು ಬಯಲಿನ ಬೇಟೆ. ದೂರದಲ್ಲಿ ಮೊಲ ಕಂಡೊಡನೆ ಬಾಣದಂತೆ ಓಡಿ ಹಿಡಿಯಲೆಂದೇ ಅದಕ್ಕೆ ಆ ಉದ್ದ ಕಾಲು, ಸಣ್ಣ ನಡು. ಟೆರಿಯರ್‌ಗೆ ಬಯಲೇ ಬೇಕಿಲ್ಲ. ಬೇಟೆ ಕಣ್ಣಿಗೆ ಮರೆಯಾಗಿ ಬಿಲ ಸೇರಿದ ಮೇಲೆಯೇ ಅದರ ಕೆಲಸ ಶುರು.

ಜಾಕ್ ರಸೆಲ್ ಎಂಬುದು ಮೂಲತಃ ಮನುಷ್ಯನ ಹೆಸರು. 1795ರಲ್ಲಿ ಹುಟ್ಟಿದ ಜಾನ್ ರಸೆಲ್ ಆಕ್ಸ್‌ಫರ್ಡ್‌ನ ಎಕ್ಸಿಟರ್ ಕಾಲೇಜಿನ ವಿದ್ಯಾರ್ಥಿ. 1819ರ ಮೇ ತಿಂಗಳ ಒಂದು ಮಧ್ಯಾಹ್ನ ಆತ ಹೊರೇಸ್ ಕವಿಯ ಪುಸ್ತಕ ಹಿಡಿದು, ಊರಾಚೆ ಮಾರ್ಸ್ಟನ್ ಎಂಬ ಹಳ್ಳಿಯ ಹುಲ್ಲುಗಾವಲಿನಲ್ಲಿ ಪ್ರಶಾಂತವಾಗಿ ಓದಿಕೊಳ್ಳೋಣವೆಂದು ಹೊರಟಿದ್ದನೆಂದು ಅವನ ಜೀವನಚರಿತ್ರೆ ಬರೆದ ಡೇವೀಸ್ ಹೇಳುತ್ತಾನೆ. ದಾರಿಯಲ್ಲಿ ಹಾಲು ಮಾರುವವನೊಬ್ಬ ಎದುರಾದ. ಅವನ ಜೊತೆ ಒಂದು ಹೆಣ್ಣು ಟೆರಿಯರ್ ಇತ್ತು. ಮೈಯೆಲ್ಲ ಬಿಳಿ, ಎರಡೂ ಕಣ್ಣು ಕಿವಿಗಳ ಮೇಲೆ ಕಂದು ಮಚ್ಚೆ, ಬಾಲದ ಬುಡದಲ್ಲಿ ಕಾಸಿನಗಲದ ಇನ್ನೊಂದು ಮಚ್ಚೆ. ರಸೆಲ್ ಅಲ್ಲೇ ನಿಂತ. ಹಾಲಿನವನಿಂದ ಆ ನಾಯಿಯನ್ನು ಕೊಂಡ ಹೊರತು ಜಾಗ ಬಿಟ್ಟು ಕದಲಲಿಲ್ಲ. ಓದಲು ಹೋದ ಹುಡುಗ ನಾಯಿ ಹಿಡಿದುಕೊಂಡು ಬಂದ! ಅಂದಿನ ಪಾಠ ಎಷ್ಟು ಸಾಗಿತೋ ಡೇವೀಸ್ ಬರೆದಿಲ್ಲ. ಟ್ರಂಪ್ ಎಂದು ಹೆಸರಾದ ಆ ಹೆಣ್ಣುನಾಯಿಯೇ ರಸೆಲ್ ಬೆಳೆಸಿದ ತಳಿಗೆ ಮೂಲತಾಯಿ.

ಮುಂದೆ ರಸೆಲ್ ಪಾದ್ರಿಯಾದ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಡೆವನ್ ಪ್ರಾಂತದ ಸ್ವಿಂಬ್ರಿಜ್ ಎಂಬ ಊರಿನ ಚರ್ಚಿನಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸೇವೆ ಸಲ್ಲಿಸಿದ. ಭಾನುವಾರ ಪ್ರವಚನ, ಉಳಿದ ದಿನ ಕುದುರೆ ಏರಿ ನರಿಬೇಟೆ. ಮೇಲಿನವರಿಗೆ ಇದು ಅಷ್ಟಾಗಿ ಹಿಡಿಸದಿದ್ದರೂ ಊರಿನವರಿಗೆ ಪಾದ್ರಿಯ ಮೇಲೆ ಪ್ರೀತಿ. 1873ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಸ್ಥಾಪನೆಯಾದಾಗ ಆತ ಆರಂಭದ ಸದಸ್ಯರಲ್ಲೊಬ್ಬ. 1883ರಲ್ಲಿ ತೀರಿಕೊಂಡು ಸ್ವಿಂಬ್ರಿಜ್‌ನಲ್ಲೇ ಮಣ್ಣಾದ. ಆ ಊರಿನ ಪಾನಗೃಹದ ಹೆಸರೇ ಜಾಕ್ ರಸೆಲ್.

ಆ ಕಾಲದ ನರಿಬೇಟೆಯಲ್ಲಿ ದೊಡ್ಡ ಬೇಟೆನಾಯಿಗಳ ಹಿಂಡು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ನರಿ ಬಿಲ ಹೊಕ್ಕರೆ ದೊಡ್ಡ ನಾಯಿಗಳು ಹೊರಗೆ ಕೆರೆಯುತ್ತ ನಿಲ್ಲಬೇಕಷ್ಟೆ. ಆಗ ಪುಟ್ಟ ಟೆರಿಯರನ್ನು ಬಿಲದೊಳಕ್ಕೆ ಬಿಡುವರು. ಅದು ಕತ್ತಲಲ್ಲಿ, ಒಂಟಿಯಾಗಿ, ತನಗಿಂತ ಹಲ್ಲು ಚೂಪಾದ ಪ್ರಾಣಿಯ ಎದುರು ಹೋಗಿ ಬೊಗಳಬೇಕು, ಕೊಲ್ಲಬಾರದು, ಹೊರಗಟ್ಟಬೇಕು. ಹೊರಡದಿದ್ದರೆ ಬೊಗಳುತ್ತಲೇ ಇರಬೇಕು, ಆ ಸದ್ದಿನ ಜಾಡು ಹಿಡಿದು ಮೇಲಿನವರು ನೆಲ ಅಗೆಯುತ್ತಾರೆ. ಬಿಲದೊಳಗೆ ಯಜಮಾನನ ಮಾತು ಕೇಳಿಸದು, ಕೈಸನ್ನೆ ಕಾಣದು. ಮುಂದೆ ಹೋಗಬೇಕೋ ಹಿಂದೆ ಸರಿಯಬೇಕೋ ಎಂದು ನಾಯಿಯೇ ನಿರ್ಧರಿಸಬೇಕು.

ಈ ಕೆಲಸಕ್ಕೆ ತಕ್ಕಂತೆ ಮೈಯೂ ರೂಪುಗೊಂಡಿತು. ಭುಜದ ಬಳಿ ಎತ್ತರ 25ರಿಂದ 30 ಸೆಂಟಿಮೀಟರು, ಅಂದರೆ ಗೇಣಿಗಿಂತ ತುಸು ಹೆಚ್ಚು. ತೂಕ ಪ್ರತಿ 5 ಸೆಂಟಿಮೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಐದಾರು ಕಿಲೋ. ಎದೆಯ ಸುತ್ತಳತೆ 40ರಿಂದ 43 ಸೆಂಟಿಮೀಟರು. ಇಂದಿಗೂ ಪ್ರದರ್ಶನಗಳಲ್ಲಿ ತೀರ್ಪುಗಾರರು ಮುಂಗಾಲಿನ ಹಿಂದೆ ಎರಡೂ ಕೈಗಳಿಂದ ಎದೆಯನ್ನು ಸುತ್ತುವರಿದು ಬೆರಳು ಕೂಡುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಕೂಡದಿದ್ದರೆ ಆ ನಾಯಿ ನರಿಯ ಬಿಲದಲ್ಲಿ ಸಿಕ್ಕಿಬಿದ್ದೀತು ಎಂದು ಅರ್ಥ. ಮೈ ಹೆಚ್ಚು ಭಾಗ ಬಿಳಿ; ಬಿಲದಿಂದ ಮಣ್ಣು ಮೆತ್ತಿಕೊಂಡು ಹೊರಬಂದದ್ದು ನರಿಯೋ ನಾಯಿಯೋ ಎಂದು ಬೇಟೆಗಾರ ಎಡವಬಾರದಲ್ಲ! ಕೂದಲು ಮೂರು ಬಗೆ: ನುಣುಪು, ಒರಟು, ಇವೆರಡರ ನಡುವಿನದು. ನುಣುಪು ಕೂದಲಿನದು ಉದುರುವುದು ಕಡಿಮೆ ಎಂದು ಭಾವಿಸುವವರು ತಮ್ಮ ಕಪ್ಪು ಪ್ಯಾಂಟನ್ನು ಮರೆತಿರುತ್ತಾರೆ.

ಇಂಗ್ಲೆಂಡಿನಲ್ಲಿ ನಾಯಿಹಿಂಡು ಕಟ್ಟಿಕೊಂಡು ನರಿಬೇಟೆ ಆಡುವುದನ್ನು 2004ರ ಕಾಯಿದೆ ನಿಷೇಧಿಸಿತು. 2005ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಕಾಯಿದೆ ಬಂದದ್ದು ಮನುಷ್ಯರಿಗೆ. ನಾಯಿಗೆ ಅದನ್ನು ಯಾರು ಓದಿ ಹೇಳುತ್ತಾರೆ?

ಜಾಕ್ ರಸೆಲ್ ಸಾಕಿದವರ ದೂರುಗಳನ್ನು ಪಟ್ಟಿ ಮಾಡಿದರೆ ಅದೇ ಆ ನಾಯಿಯ ಹಳೆಯ ಉದ್ಯೋಗದ ವಿವರವಾಗುತ್ತದೆ. ಹೂಕುಂಡ ಅಗೆಯುತ್ತದೆ. ಅಗೆಯುವುದು ಅದರ ಕಸುಬು. ಕಾಲಿಂಗ್ ಬೆಲ್ ಸದ್ದಾದರೆ ಐದು ನಿಮಿಷ ಬೊಗಳುತ್ತದೆ. ಬೊಗಳದ ಟೆರಿಯರ್ ಬಿಲದಲ್ಲಿ ಕಳೆದುಹೋಗುತ್ತಿತ್ತು. ಕರೆದರೆ ಬರುವುದಿಲ್ಲ, ತಾನು ಹಿಡಿದದ್ದೇ ಹಟ. ಬಿಲದಲ್ಲಿ ಅಪ್ಪಣೆಗೆ ಕಾದ ನಾಯಿ ಬದುಕುತ್ತಿರಲಿಲ್ಲ. ತನಗಿಂತ ನಾಲ್ಕು ಪಟ್ಟು ದೊಡ್ಡ ಬೀದಿನಾಯಿಯ ಮೇಲೆ ಏರಿ ಹೋಗುತ್ತದೆ. ಅಳಿಲು ಕಂಡರೆ ಕೈಯ ಸರಪಳಿ ಕಿತ್ತುಕೊಂಡು ರಸ್ತೆಗೆ ಹಾರುತ್ತದೆ. ಸೋಫಾದ ಸಂದಿಯಲ್ಲಿ ಹಲ್ಲಿ ಹೊಕ್ಕರೆ ಸೋಫಾ ಉಳಿಯುವುದಿಲ್ಲ. ಇದರಲ್ಲಿ ಒಂದಾದರೂ ನಾಯಿಯ ಕೆಟ್ಟತನವೆಂದು ಹೇಳುವಂತಿಲ್ಲ. ನೂರಾರು ವರ್ಷ ಇದೇ ಗುಣಗಳನ್ನು ಆರಿಸಿ ಆರಿಸಿ ಬೆಳೆಸಿದವನು ಮನುಷ್ಯ; ಈಗ ಅದೇ ಗುಣಗಳಿಗಾಗಿ ಬೈಯುವವನೂ ಅವನೇ.

ಬೈಗುಳ ಅಲ್ಲಿಗೇ ನಿಂತರೆ ಚಿಂತೆಯಿರಲಿಲ್ಲ. ಅಮೆರಿಕದ ಟಿ.ವಿ. ಧಾರಾವಾಹಿ 'ಫ್ರೇಸಿಯರ್' 1993ರಿಂದ 2004ರವರೆಗೆ ನಡೆಯಿತು. ಅದರಲ್ಲಿ ಎಡ್ಡಿ ಎಂಬ ನಾಯಿಯ ಪಾತ್ರ. ಕಥಾನಾಯಕನನ್ನು ಕಣ್ಣು ಮಿಟುಕಿಸದೆ ದಿಟ್ಟಿಸುವುದೇ ಅದರ ಮುಖ್ಯ ಅಭಿನಯ, ಅಷ್ಟಕ್ಕೇ ಅಭಿಮಾನಿಗಳು ಪತ್ರ ಬರೆಯುತ್ತಿದ್ದರು. ಆ ಪಾತ್ರ ಮಾಡಿದ ಜಾಕ್ ರಸೆಲ್‌ನ ಹೆಸರು ಮೂಸ್. ಅದನ್ನು ಮೊದಲು ಸಾಕಿದ್ದ ಕುಟುಂಬ, ಅಗೆತ, ಬೊಗಳಾಟ, ಕಡಿತ, ತಪ್ಪಿಸಿಕೊಂಡು ಓಡುವುದು ಯಾವುದನ್ನೂ ತಾಳಲಾರದೆ ಕೈಚೆಲ್ಲಿತ್ತು. ಪ್ರಾಣಿಗಳನ್ನು ಪಳಗಿಸುವವರ ಕೈ ಸೇರಿದ ಮೇಲೆ ಅದರ ದಿಕ್ಕೇ ಬದಲಾಯಿತು. ಇನ್ನೊಂದು, ಉಗ್ಗಿ. 2011ರ 'ದಿ ಆರ್ಟಿಸ್ಟ್' ಎಂಬ ಮಾತಿಲ್ಲದ ಕಪ್ಪು ಬಿಳುಪು ಚಿತ್ರದಲ್ಲಿ ನಾಯಕನ ಜೊತೆ ಇಡೀ ಚಿತ್ರವನ್ನು ಹೊತ್ತ ನಾಯಿ. ಆ ಚಿತ್ರಕ್ಕೆ ಮರುವರ್ಷ ಐದು ಆಸ್ಕರ್ ಬಂದವು. ಉಗ್ಗಿಯೂ ಅಷ್ಟೆ, ಈ ತುಂಟನನ್ನು ಸಂಭಾಳಿಸಲಾಗದೆಂದು ಬೇಡವಾಗಿ ನಾಯಿದೊಡ್ಡಿಯ ದಾರಿ ಹಿಡಿಯಲಿದ್ದ ಪ್ರಾಣಿ. ಪಳಗಿಸುವವನೊಬ್ಬ ನಡುವೆ ಬಂದು ಉಳಿಸಿಕೊಂಡ.

ಒಂದೇ ನಾಯಿ ಒಂದು ಮನೆಯಲ್ಲಿ ಪೀಡೆ, ಇನ್ನೊಂದು ಮನೆಯಲ್ಲಿ ಪ್ರತಿಭೆ. ಎರಡನೆಯ ಮನೆಯಲ್ಲಿ ಅದಕ್ಕೆ ಕೆಲಸವಿತ್ತು ಎಂಬುದೊಂದೇ ವ್ಯತ್ಯಾಸ. ಪ್ರತಿದಿನ ಕಲಿಯಲು ಏನಾದರೊಂದು, ಕಲಿತದ್ದಕ್ಕೆ ಒಂದು ತುಣುಕು ತಿಂಡಿ, ಮೈ ದಣಿಯುವಷ್ಟು ಓಟ. ಆದರೆ ತೆರೆಯ ಮೇಲೆ ನೋಡುವವರಿಗೆ ಈ ದಿನಗಟ್ಟಲೆಯ ಅಭ್ಯಾಸ ಕಾಣಿಸುವುದಿಲ್ಲ. ನಾಯಿ ಹುಟ್ಟುತ್ತಲೇ ಹಾಗೆ ಎಂದುಕೊಂಡು ಮರಿ ತಂದವರು ಆರು ತಿಂಗಳಲ್ಲಿ ಸುಸ್ತಾಗುತ್ತಾರೆ. ಇದು ಎಲ್ಲರ ಮನೆಗೆ ಹೊಂದುವ ನಾಯಿಯಲ್ಲ ಎಂದು ಅಮೆರಿಕದ ಜಾಕ್ ರಸೆಲ್ ಸಂಘದವರೇ ವರ್ಷಾನುವರ್ಷ ಎಚ್ಚರಿಸುತ್ತ ಬಂದಿದ್ದಾರೆ. ತಮ್ಮ ಸರಕನ್ನು ಕೊಳ್ಳಬೇಡಿ ಎಂದು ತಾವೇ ಹೇಳುವ ಇಂಥ ಅಂಗಡಿಯವರು ಬೇರೆ ಸಿಗುವುದು ಕಷ್ಟ!

ಬಹುಕಾಲದವರೆಗೆ ಈ ನಾಯಿಯನ್ನು ಅಧಿಕೃತ ತಳಿಯೆಂದು ಒಪ್ಪಿಕೊಳ್ಳುವುದಕ್ಕೇ ವಿರೋಧವಿತ್ತು. ಪ್ರದರ್ಶನದ ಕಣಕ್ಕೆ ಇಳಿಸಿದರೆ ಅಂದ ನೋಡುತ್ತಾರೆ, ಕಸುಬು ಮರೆಯುತ್ತಾರೆ ಎಂದು ಕೆಲಸದ ನಾಯಿ ಸಾಕುವವರ ಅಂಜಿಕೆ. ಉದ್ದ ಕಾಲಿನದನ್ನು ಇಂಗ್ಲೆಂಡಿನ ಕೆನಲ್ ಕ್ಲಬ್ 1990ರಲ್ಲಿ ಪಾರ್ಸನ್ ಎಂಬ ಹೆಸರಿನಲ್ಲಿ ಸೇರಿಸಿಕೊಂಡಿತು. ಗಿಡ್ಡ ಕಾಲಿನ ಜಾಕ್ ರಸೆಲ್ ತನ್ನ ತವರಿನಲ್ಲೇ ಮನ್ನಣೆ ಪಡೆಯಲು 2016ರವರೆಗೆ ಕಾಯಬೇಕಾಯಿತು. ಇಷ್ಟು ಅವಸರವಿಲ್ಲದೆ ತಳಿಯಾದುದರಿಂದ ಒಂದು ಲಾಭವೂ ಆಯಿತು. ಕೇವಲ ಚಂದಕ್ಕಾಗಿ ಮೂಗು ಚಪ್ಪಟೆ ಮಾಡುವುದು, ಬೆನ್ನು ಉದ್ದ ಮಾಡುವುದು ಮುಂತಾದ ಹಾವಳಿಗೆ ಈ ನಾಯಿ ಸಿಕ್ಕಲಿಲ್ಲ.

ಅದರ ಫಲ ಆಯುಸ್ಸಿನ ಲೆಕ್ಕದಲ್ಲಿ ಕಾಣುತ್ತದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಬ್ರಿಟನ್ನಿನ 18 ತಳಿಗಳ ಆಯುಸ್ಸಿನ ಕೋಷ್ಟಕ ಪ್ರಕಟಿಸಿದರು. ಮನುಷ್ಯರಿಗೆ ಜೀವವಿಮೆಯವರು ಮಾಡುವಂಥ ಕೋಷ್ಟಕವೇ ಅದು. ಅದರಲ್ಲಿ ಜಾಕ್ ರಸೆಲ್ ಮೊದಲ ಸ್ಥಾನದಲ್ಲಿತ್ತು: ಹುಟ್ಟಿದ ಮರಿಗೆ ಸರಾಸರಿ ನಿರೀಕ್ಷೆ 12.72 ವರ್ಷ. ಕೊನೆಯಲ್ಲಿದ್ದ ಫ್ರೆಂಚ್ ಬುಲ್‌ಡಾಗ್‌ಗೆ 4.53 ವರ್ಷ. ಫ್ರೆಂಚ್ ಬುಲ್‌ಡಾಗ್ ಇತ್ತೀಚೆಗಷ್ಟೆ ಜನಪ್ರಿಯವಾದದ್ದರಿಂದ ಬದುಕಿರುವವುಗಳಲ್ಲಿ ಎಳೆಯವೇ ಹೆಚ್ಚು, ಅದರಿಂದ ಲೆಕ್ಕ ತುಸು ಕೆಳಕ್ಕೆ ಜಗ್ಗಿರಬಹುದು. ಅದನ್ನು ಬಿಟ್ಟುಕೊಟ್ಟರೂ ಅಂತರ ಸಣ್ಣದಲ್ಲ. ಗಣಿತದ ಸರಾಸರಿ ಓದುವ ವಿದ್ಯಾರ್ಥಿಗಳಿಗೆ ಒಳ್ಳೆಯ ಉದಾಹರಣೆ ಇದು.

ಗಟ್ಟಿತನದ ಮಾತು ಬಂದಾಗ ಬಾಥಿಯನ್ನು ಬಿಡುವಂತಿಲ್ಲ. ಸರ್ ರನಲ್ಫ್ ಫೈನ್ಸ್ ಮತ್ತು ಅವರ ಪತ್ನಿ ಜಿನ್ನಿ 1979ರಿಂದ 1982ರವರೆಗೆ ಎರಡೂ ಧ್ರುವಗಳ ಮೂಲಕ ಭೂಮಿಯನ್ನು ಸುತ್ತುವ ಸಾಹಸಯಾತ್ರೆ ನಡೆಸಿದಾಗ ಅವರ ಜಾಕ್ ರಸೆಲ್ ಬಾಥಿಯೂ ಅಂಟಾರ್ಕ್ಟಿಕಕ್ಕೆ ಹೋಯಿತು. ಕೆಂಪು ಉಣ್ಣೆಯಂಗಿ ತೊಟ್ಟ ಅದನ್ನು ವಿಮಾನದಲ್ಲಿ ಒಯ್ದು ಎರಡೂ ಧ್ರುವಗಳಲ್ಲಿ ಇಳಿಸಲಾಯಿತು. ಎರಡೂ ಧ್ರುವ ಕಂಡ ಮೊದಲ ನಾಯಿ ಎಂಬ ಹೆಸರು ಅದರದು.

ಇಂಥ ನಾಯಿ ಮನೆಗೆ ಬಂದರೆ ಮನೆಯವರು ಏನು ಮಾಡಬೇಕು? ಮೊದಲನೆಯದಾಗಿ, ನಡೆಸಬೇಕು. ದಿನಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲದ ಓಡಾಟ, ಮಳೆಯಲ್ಲೂ, ಪರೀಕ್ಷೆಯ ತಿಂಗಳಲ್ಲೂ. ಗಾತ್ರ ಚಿಕ್ಕದು, ಫ್ಲಾಟಿನ ಹಾಲಿನಲ್ಲೇ ಓಡಾಡಿಕೊಂಡಿರಲಿ ಎಂಬುದು ಮಾರುವವರ ಮಾತು. ನಡೆದಾಟಕ್ಕಿಂತಲೂ ಮುಖ್ಯ ಅದರ ತಲೆಗೆ ಕೊಡುವ ಕೆಲಸ. ಊಟದ ಕಾಳುಗಳನ್ನು ಬಟ್ಟಲಲ್ಲಿ ಸುರಿಯುವ ಬದಲು ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟರೆ, ರಟ್ಟಿನ ಪೆಟ್ಟಿಗೆಗಳಲ್ಲಿ ಅಡಗಿಸಿದರೆ ಹದಿನೈದು ನಿಮಿಷ ಮೂಗಿಗೆ ಉದ್ಯೋಗ. ಹಿತ್ತಲಿರುವ ಮನೆಯಾದರೆ ಒಂದು ಮೂಲೆಯಲ್ಲಿ ಮರಳುಗುಡ್ಡೆ ಹಾಕಿ 'ಇಲ್ಲಿ ಅಗೆ' ಎಂದು ಕಲಿಸಬಹುದು. ಉಳಿದ ಮಲ್ಲಿಗೆ ಬುಡಗಳು ಬದುಕಿಕೊಳ್ಳುತ್ತವೆ. ಕಲಿಕೆ ಐದೈದು ನಿಮಿಷದ್ದು ಸಾಕು, ದಿನಕ್ಕೆ ಮೂರು ಬಾರಿ. ಏಟು ಬಿದ್ದರೆ ಟೆರಿಯರ್ ಹೆದರುವುದಕ್ಕಿಂತ ತಿರುಗಿ ಬೀಳುವುದೇ ಹೆಚ್ಚು. ತಪ್ಪಿಗೆ ಏಟು, ಸರಿಗೆ ಮೌನ ಎಂಬ ಹಳೆಯ ಶಾಲೆಯ ಪದ್ಧತಿ ಮಕ್ಕಳಿಗೂ ಒಗ್ಗಲಿಲ್ಲ, ಇದಕ್ಕೂ ಒಗ್ಗದು. 'ಬಾ' ಎಂದರೆ ಬರುವುದನ್ನು ಎಷ್ಟೇ ಚೆನ್ನಾಗಿ ಕಲಿಸಿದ್ದರೂ ರಸ್ತೆಯಲ್ಲಿ ಸರಪಳಿ ಬಿಚ್ಚಬಾರದು. ಅಳಿಲು ಓಡಿದ ಕ್ಷಣಕ್ಕೆ ಕಲಿತದ್ದೆಲ್ಲ ಆವಿ.

ಮಕ್ಕಳ ಜೊತೆ ಈ ನಾಯಿ ಹೊಂದುತ್ತದೆಯೇ ಎಂಬುದು ಎಲ್ಲ ತಾಯಂದಿರ ಪ್ರಶ್ನೆ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗೆ ತಳಿ ಬಲ್ಲವರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಬಾಲ ಎಳೆದರೆ, ಕಿವಿ ಹಿಂಡಿದರೆ ಸಹಿಸಿಕೊಂಡು ಮಲಗಿರುವ ಲ್ಯಾಬ್ರಡಾರಿನ ಸ್ವಭಾವ ಇದರದಲ್ಲ. ಹತ್ತು ಹನ್ನೆರಡರ ಹುಡುಗ ಹುಡುಗಿಯರಿಗೆ ಇದರಂಥ ಜೊತೆಗಾರ ಇನ್ನೊಂದಿಲ್ಲ. ಚೆಂಡು ಎಸೆದು ಎಸೆದು ಮಕ್ಕಳ ತೋಳು ಸೋಲಬೇಕು, ಅದರ ಕಾಲು ಸೋಲದು. ಆದರೆ ಮಕ್ಕಳು ನಾಯಿಯ ಭಾಷೆ ಕಲಿಯಬೇಕು. ನಿದ್ದೆ ಬರದಿದ್ದರೂ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸುವುದು, ಮೈ ಬಿಗಿಯುವುದು ಎಲ್ಲವೂ 'ಸಾಕು, ನನ್ನ ಪಾಡಿಗೆ ಬಿಡು' ಎಂಬ ಮಾತುಗಳೇ. ಈ ಮಾತು ಕೇಳದಿದ್ದವರಿಗೆ ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಬೈದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಉಣ್ಣುವ, ಮಲಗಿದ ನಾಯಿಯನ್ನು ಮುಟ್ಟಬಾರದೆಂಬುದು ಮನೆಯ ಕಟ್ಟುನಿಟ್ಟಿನ ಕಾನೂನಾಗಬೇಕು, ನೆಂಟರ ಮಕ್ಕಳಿಗೂ ಸೇರಿ.

ಇನ್ನು ಡೆವನ್‌ನಲ್ಲಿಲ್ಲದ, ಕರ್ನಾಟಕದಲ್ಲಿರುವ ತೊಡಕುಗಳು. ಹೆಗ್ಗಣ ಹಿಡಿಯುವುದರಲ್ಲಿ ಈ ನಾಯಿ ಬೆಕ್ಕಿಗೂ ಪಾಠ ಹೇಳೀತು, ನಿಜ. ಆದರೆ ಇಲಿ ಹೆಗ್ಗಣಗಳ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ದಾಟಬಲ್ಲದು. ಅದಕ್ಕೆ ಲಸಿಕೆ ಉಂಟು, ವರ್ಷಕ್ಕೊಮ್ಮೆ ಹಾಕಿಸಬೇಕು. ಇಲಿಪಾಷಾಣ ಇಟ್ಟ ಮನೆಯಲ್ಲಿ, ಇಟ್ಟ ಪಕ್ಕದ ಮನೆಯಲ್ಲೂ, ಈ ನಾಯಿಗೆ ಅಪಾಯ. ವಿಷ ತಿಂದ ಇಲಿಯನ್ನು ತಿಂದರೂ ಸಾಕು. ಮಲೆನಾಡಿನ, ಹಳ್ಳಿಯ ಮನೆಗಳಲ್ಲಿ ಹಾವು ಕಂಡರೆ ಹಿಂದೆ ಸರಿಯುವ ಬುದ್ಧಿ ಟೆರಿಯರ್‌ಗೆ ಇಲ್ಲವೆಂದೇ ಲೆಕ್ಕ ಹಾಕಬೇಕು. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಬೆಳಗಿನ ಏಳರೊಳಗೆ ನಡಿಗೆ ಮುಗಿಯಬೇಕು. ಡಾಂಬರು ರಸ್ತೆಯ ಮೇಲೆ ಅಂಗೈ ಹಿಂಭಾಗವನ್ನು ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವನ್ನೂ ಇಡಿಸಬಾರದು. ಉಣ್ಣೆ ಹುಳು ಕಿವಿಯ ಸಂದಿಯಲ್ಲಿ, ಬೆರಳ ನಡುವೆ ಅಡಗಿ ಉಣ್ಣೆಜ್ವರ ತರುತ್ತದೆ. ಸಂಜೆ ಬೆರಳಾಡಿಸಿ ನೋಡುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು.

ಅಡುಗೆಮನೆಯಲ್ಲೂ ಎಚ್ಚರ ಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಳಿ ಸಾಂಬಾರು ಕಲಸಿದ ಅನ್ನವನ್ನು ನಾಯಿಗೆ ಹಾಕುವ ರೂಢಿ ಬಹಳ ಮನೆಗಳಲ್ಲಿದೆ. ಐದು ಕಿಲೋದ ನಾಯಿಗೆ ಸ್ವಲ್ಪವೇ ಹೆಚ್ಚಾದೀತು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು, ಆದ್ದರಿಂದ ಪಾಯಸದ ಪಾತ್ರೆ ನೆಕ್ಕಿಸುವುದು ಬೇಡ. ಚಾಕೊಲೇಟೂ ವಿಷವೇ. ಹಬ್ಬದ ದಿನ ಮಕ್ಕಳು ಪ್ರೀತಿಯಿಂದ ಕೊಡುವುದು ಬಹುಪಾಲು ಇವನ್ನೇ.

ರೇಬಿಸ್ ಲಸಿಕೆಯ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಪ್ಪ ಬೈಯುತ್ತಾರೆಂದು ಮಗು ಗಾಯ ಮುಚ್ಚಿಡುವಂಥ ಮನೆ ನಾಯಿ ಸಾಕುವುದಕ್ಕೆ ತಕ್ಕ ಮನೆಯಲ್ಲ.

ಮರಿ ಕೊಳ್ಳುವಾಗ ತಾಯಿನಾಯಿಯನ್ನು ನೋಡದೆ ಹಣ ಕೊಡಬಾರದು. 2017ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ ನಾಯಿ ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 'ನಲವತ್ತು ದಿನದ ಮರಿ ಸಾರ್, ಈಗಲೇ ಒಯ್ದರೆ ಒಗ್ಗಿಕೊಳ್ಳುತ್ತೆ' ಎನ್ನುವವನಿಂದ ದೂರವಿರುವುದೇ ಲೇಸು. ತಾಯಿ ಒಡಹುಟ್ಟುಗಳ ಜೊತೆ ಕಚ್ಚಾಡಿ ಹಲ್ಲಿನ ಮಿತಿ ಕಲಿಯುವ ವಾರಗಳನ್ನೇ ಅವನು ಕಸಿದುಕೊಂಡಿರುತ್ತಾನೆ. ಬಿಳಿ ಹೆಚ್ಚಿರುವ ಮರಿಗಳಲ್ಲಿ ಕೆಲವಕ್ಕೆ ಹುಟ್ಟು ಕಿವುಡು ಇರುವುದುಂಟು. ಮರಿ ಬೇರೆಡೆ ನೋಡುತ್ತಿರುವಾಗ ಹಿಂದಿನಿಂದ ಬೀಗದ ಕೈ ಗೊಂಚಲು ಅಲ್ಲಾಡಿಸಿ ನೋಡಬೇಕು. ಅನುಮಾನ ಬಂದರೆ ವೈದ್ಯರಿಗೆ ತೋರಿಸಬೇಕು. ಮಂಡಿಚಿಪ್ಪು ಜಾರುವುದು ಸಣ್ಣ ತಳಿಗಳ ಸಾಮಾನ್ಯ ತೊಂದರೆ. ಓಡುತ್ತ ಓಡುತ್ತ ಒಂದು ಹಿಂಗಾಲು ಎತ್ತಿ ಕುಂಟುವ ನಾಯಿಯನ್ನು 'ಆಟ' ಎಂದು ತಳ್ಳಿಹಾಕುವಂತಿಲ್ಲ. ಎಲ್ಲಕ್ಕಿಂತ ಅವಸರದ ತೊಂದರೆ ಕಣ್ಣಿನದು. ಟೆರಿಯರ್‌ಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಒಂದು ದೋಷದಿಂದ ಕಣ್ಣಿನ ಮಸೂರ ತನ್ನ ಜಾಗದಿಂದ ಕಳಚುತ್ತದೆ, ಹೆಚ್ಚಾಗಿ ನಾಯಿಗೆ ಮೂರರಿಂದ ಎಂಟು ವರ್ಷವಿರುವಾಗ. ಕಣ್ಣು ಕೆಂಪಾಗಿ, ನೀರಾಡಿ, ನೋವಿನಿಂದ ಮುಚ್ಚಿಕೊಂಡರೆ ನಾಳೆ ನೋಡೋಣವೆಂದರೆ ದೃಷ್ಟಿ ಹೋಗುತ್ತದೆ. ಈ ದೋಷಕ್ಕೆ ಕಾರಣವಾದ ವಂಶವಾಹಿ ದೋಷವನ್ನು ಗುರುತಿಸುವ ಡಿ.ಎನ್.ಎ. ಪರೀಕ್ಷೆ ಇದೆ; ತಂದೆ ತಾಯಿ ನಾಯಿಗಳಿಗೆ ಅದನ್ನು ಮಾಡಿಸಿದ್ದಾರೆಯೇ ಎಂದು ಕೇಳುವುದು ಕೊಳ್ಳುವವರ ಹಕ್ಕು.

ಇಷ್ಟೆಲ್ಲ ಕೇಳಿದ ಮೇಲೂ ಮನೆಯವರ ಉತ್ಸಾಹ ಇಳಿಯದಿದ್ದರೆ ಒಂದು ಲೆಕ್ಕ ಬಾಕಿಯಿದೆ. ಅದನ್ನು ಮಗುವಿನ ಕೈಯಲ್ಲೇ ಹಾಕಿಸಬೇಕು. ಏಳನೇ ತರಗತಿಯ ಹುಡುಗಿ ಈ ವರ್ಷ ಮರಿ ತಂದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವಾಗ ನಾಯಿಗೆ ಮೂರು ವರ್ಷ, ಹುರುಪಿನ ನಟ್ಟನಡುವೆ. ಪಿ.ಯು. ಮುಗಿಸಿ ಆಕೆ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹಾಸ್ಟೆಲು ಸೇರುವಾಗ ಅದಕ್ಕೆ ಐದು. ಆಕೆಗೆ ಮೊದಲ ಕೆಲಸ ಸಿಕ್ಕಾಗ ಒಂಬತ್ತೋ ಹತ್ತೋ. ನಾಯಿಗೆ ಮೂತಿಯ ಕೂದಲು ನರೆತು, ಮೆಟ್ಟಿಲು ಹತ್ತಲು ಎತ್ತಿಕೊಳ್ಳಬೇಕಾಗಿ ಬರುವ ಹೊತ್ತಿಗೆ ಆಕೆಗೆ ಇಪ್ಪತ್ತನಾಲ್ಕು ಇಪ್ಪತ್ತೈದು. ಅಲ್ಲಿಯವರೆಗಿನ ಬೆಳಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಗು ಸರಪಳಿ ಹಿಡಿದು ಹೊರಡುವವರು ಅಪ್ಪ, ಇಲ್ಲವೇ ಅಮ್ಮ. ಮರಿ ತರುವ ಮುನ್ನ ಒಂದು ತಿಂಗಳು ಬೆಳಿಗ್ಗೆ ಆರು ಗಂಟೆಗೆ ಅಪ್ಪ, ಅಮ್ಮ, ಮಗಳು ಮೂವರೂ ನಾಯಿಯಿಲ್ಲದೆಯೇ ಅರ್ಧ ಗಂಟೆ ನಡೆದು ನೋಡಬಹುದು. ತಿಂಗಳ ಕೊನೆಯ ವಾರದಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೆ ತೀರ್ಮಾನಕ್ಕೆ ಹೆಚ್ಚು ಮಾತು ಬೇಕಾಗುವುದಿಲ್ಲ.